ಗೊಂಬೆ ಯಾರ ಅಳತೆಯದು?

ಹೊಸ ಕಾರೊಂದನ್ನು ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ತಂದು ಗಟ್ಟಿ ಕಾಂಕ್ರೀಟ್ ಗೋಡೆಗೆ ನೇರವಾಗಿ ಗುದ್ದಿಸಬೇಕು. ಚಾಲಕನ ಸೀಟಿನಲ್ಲೂ ಪಕ್ಕದ ಸೀಟಿನಲ್ಲೂ 175 ಸೆಂಟಿಮೀಟರ್ ಎತ್ತರದ, 78 ಕಿಲೋ ತೂಕದ ಗಂಡಾಳಿನ ಗೊಂಬೆ ಕೂತಿರಬೇಕು. ಗೊಂಬೆಗೆ ಸೀಟ್ ಬೆಲ್ಟ್ ಕಟ್ಟಿರಬಾರದು. ಗುದ್ದಿದಾಗ ಗೊಂಬೆಯ ತಲೆ, ಎದೆ, ತೊಡೆಗಳೊಳಗಿರುವ ಮಾಪಕಗಳ ಅಂಕಿ ನಿಗದಿತ ಮಿತಿ ದಾಟಬಾರದು. ದಾಟಿದರೆ ಆ ಮಾದರಿಯ ಕಾರನ್ನು ಮಾರುವಂತಿಲ್ಲ.

ಅಮೆರಿಕದ ಫೆಡರಲ್ ಮೋಟಾರು ವಾಹನ ಸುರಕ್ಷತಾ ಮಾನದಂಡ 208ರಲ್ಲಿ ಬಹುಕಾಲ ಇದ್ದ ಪರೀಕ್ಷೆ ಇದು. ಇಂದು ಕಾರುಗಳ ಸ್ಟೀರಿಂಗ್ ಒಳಗೆ ಏರ್‌ಬ್ಯಾಗ್ ಮಡಚಿ ಕೂತಿದೆಯೆಂದರೆ ಅದರ ಹಿಂದೆ ಈ ನಿಯಮದ ದೊಡ್ಡ ಪಾಲಿದೆ. 1987ರಿಂದ 2017ರವರೆಗೆ ಮುಂಭಾಗದ ಏರ್‌ಬ್ಯಾಗ್‌ಗಳು 50 ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಜೀವ ಉಳಿಸಿದವು ಎಂಬುದು ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಅಂದಾಜು. ಅದೇ ನಿಯಮಕ್ಕೆ ತಕ್ಕಂತೆ ತಯಾರಾದ ಏರ್‌ಬ್ಯಾಗ್‌ಗಳು 290ಕ್ಕೂ ಹೆಚ್ಚು ಜನರನ್ನು ಕೊಂದವು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಎರಡಕ್ಕೂ ಕಾರಣ ಒಂದೇ ಪರೀಕ್ಷೆ, ಅದರಲ್ಲಿ ಕೂತಿದ್ದ ಒಂದೇ ಅಳತೆಯ ಗೊಂಬೆ. ಸುರಕ್ಷತಾ ನಿಯಮವನ್ನು ಒಮ್ಮೆ ಬರೆದು ಸುಮ್ಮನಾದರೆ ಏನಾಗುತ್ತದೆ, ತಿದ್ದುತ್ತಾ ಹೋದರೆ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಕಥೆ ನನಗೆ ಗೊತ್ತಿಲ್ಲ.

ಮೊದಲು ಡಿಕ್ಕಿಯ ಲೆಕ್ಕ. ಗಂಟೆಗೆ 48 ಕಿ.ಮೀ. ಎಂದರೆ ಸೆಕೆಂಡಿಗೆ 13 ಮೀಟರಿಗೂ ತುಸು ಹೆಚ್ಚು. ಸುಮಾರು 9 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಕಟ್ಟಡದ ತಾರಸಿಯಿಂದ ಬಿದ್ದವರು ನೆಲ ಮುಟ್ಟುವಾಗಿನ ವೇಗವೂ ಇಷ್ಟೇ. ದೇಹಕ್ಕೆ ಎಷ್ಟು ಏಟು ಬೀಳುತ್ತದೆ ಎಂಬುದು ಆ ವೇಗ ಎಷ್ಟು ದೂರದೊಳಗೆ ಸೊನ್ನೆಗೆ ಇಳಿಯುತ್ತದೆ ಎಂಬುದರ ಮೇಲೆ ನಿಂತಿದೆ. ಕಾರಿನ ಮೂತಿ 60 ಸೆಂಟಿಮೀಟರ್ ನಜ್ಜುಗುಜ್ಜಾಗುತ್ತಾ ನಿಂತಿತು ಎಂದುಕೊಳ್ಳಿ. ಬೆಲ್ಟ್ ಕಟ್ಟಿಕೊಂಡವರು ಕಾರಿನ ಜೊತೆಗೇ ಆ 60 ಸೆಂಟಿಮೀಟರಿನಲ್ಲಿ ನಿಲ್ಲುತ್ತಾರೆ. ಅವರ ಮೇಲೆ ಬೀಳುವ ಒತ್ತಡ ಸರಾಸರಿ ಗುರುತ್ವದ 15 ಪಟ್ಟು. 60 ಕಿಲೋ ತೂಕದವರಿಗೆ ಅರೆಕ್ಷಣ 900 ಕಿಲೋ ತೂಗಿದಂತೆ. ಮೂಳೆ ಮುರಿಯಬಹುದು, ಜೀವ ಉಳಿಯುತ್ತದೆ. ಬೆಲ್ಟ್ ಕಟ್ಟದವರ ವಿಷಯ ಬೇರೆ. ಕಾರು ನಿಂತರೂ ಅವರು ಅದೇ ವೇಗದಲ್ಲಿ ಮುಂದೆ ಹೋಗುತ್ತಿರುತ್ತಾರೆ. ಎದೆ ಸ್ಟೀರಿಂಗಿಗೆ ಬಡಿದು 5 ಸೆಂಟಿಮೀಟರಿನೊಳಗೆ ನಿಂತರೆ ಗುರುತ್ವದ 180 ಪಟ್ಟು. ಪಕ್ಕೆಲುಬುಗಳು ಅದನ್ನು ತಡೆಯಲಾರವು.

ಇದೆಲ್ಲ ಆಗಿಹೋಗುವುದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಕಣ್ಣು ಮಿಟುಕಿಸುವುದರೊಳಗೆ. ‘ಕೈ ಊರಿ ತಡೆದುಕೊಳ್ಳುತ್ತೇನೆ’, ‘ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ’ ಎಂಬ ಮಾತುಗಳಿಗೆ ಅಷ್ಟು ಹೊತ್ತಿನಲ್ಲಿ ಅರ್ಥವೇ ಇಲ್ಲ. ಹತ್ತು ಕಿಲೋ ತೂಕದ ಮಗು ಆ ಗಳಿಗೆಯಲ್ಲಿ 150 ಕಿಲೋ ಆಗಿರುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿದಿಡಲಾರದು.

ಮನುಷ್ಯದೇಹ ಎಷ್ಟು ತಾಳೀತು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗಲಿಲ್ಲ. ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟಾಪ್ 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೊದ ಹಾಲೊಮನ್ ನೆಲೆಯಲ್ಲಿ ರಾಕೆಟ್ ಕಟ್ಟಿದ ಬಂಡಿಯ ಮೇಲೆ ಕೂತು ಗಂಟೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ವೇಗ ಮುಟ್ಟಿ, 1.4 ಸೆಕೆಂಡಿನಲ್ಲಿ ನಿಂತ. ಅವನ ದೇಹ ಗುರುತ್ವದ 46 ಪಟ್ಟು ತಾಳಿಕೊಂಡಿತು. ಸರಿಯಾಗಿ ಬಿಗಿದು ಕೂರಿಸಿದರೆ ದೇಹ ಎಷ್ಟು ಗಟ್ಟಿ ಎಂದು ಅವನು ತನ್ನ ಮೈಮೇಲೆಯೇ ತೋರಿಸಿಕೊಟ್ಟ. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಲಾರೆನ್ಸ್ ಪ್ಯಾಟ್ರಿಕ್ ಸುಮಾರು 400 ಸಲ ಡಿಕ್ಕಿಯ ಬಂಡಿಯಲ್ಲಿ ತಾನೇ ಕೂತ. ಸ್ವಯಂಸೇವಕರ ಮೇಲೆ ಮಾಡಲಾಗದ ಪ್ರಯೋಗಗಳನ್ನು ಜನರು ದಾನ ಮಾಡಿದ ದೇಹಗಳ ಮೇಲೆ ಮಾಡಿದರು. ತಲೆಬುರುಡೆ ಯಾವ ಏಟಿಗೆ ಬಿರಿಯುತ್ತದೆ, ಎದೆ ಎಷ್ಟು ತಗ್ಗಿದರೆ ಪಕ್ಕೆಲುಬು ಮುರಿಯುತ್ತದೆ ಎಂಬ ಅಂಕಿಗಳು ಅಲ್ಲಿಂದ ಬಂದವು. ಶವಗಳ ಮೇಲೆ ನಡೆದ ಈ ಸಂಶೋಧನೆಯ ಫಲವಾಗಿ ವರ್ಷಕ್ಕೆ 8,500 ಜೀವಗಳು ಉಳಿಯುತ್ತಿವೆ ಎಂದು 1995ರಲ್ಲಿ ಅದೇ ವಿಶ್ವವಿದ್ಯಾಲಯದ ಆಲ್ಬರ್ಟ್ ಕಿಂಗ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಆ ದೇಹಗಳನ್ನು ದಾನ ಮಾಡಿದವರ ಹೆಸರು ಯಾವ ನಿಯಮದಲ್ಲೂ ಬರುವುದಿಲ್ಲ. ಆದರೆ ಕಾರಿನಲ್ಲಿ ಕೂರುವ ಪ್ರತಿಯೊಬ್ಬರೂ ಅವರ ಋಣದಲ್ಲಿದ್ದೇವೆ.

ಆ ಅಂಕಿಗಳನ್ನೆಲ್ಲ ಒಡಲಲ್ಲಿ ತುಂಬಿಕೊಂಡು 1976ರಲ್ಲಿ ರೂಪುಗೊಂಡ ಗೊಂಬೆಯೇ ‘ಹೈಬ್ರಿಡ್-3’. ಉಕ್ಕಿನ ಪಕ್ಕೆಲುಬು, ರಬ್ಬರಿನ ಕುತ್ತಿಗೆ, ಅಲ್ಯೂಮಿನಿಯಂ ತಲೆಬುರುಡೆ, ಮೇಲೆ ವಿನೈಲ್ ಚರ್ಮ. ಅಮೆರಿಕದ ಗಂಡಸರನ್ನು ಎತ್ತರ ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ಅಳತೆ ಅದಕ್ಕೆ. ಇಂದಿಗೂ ಜಗತ್ತಿನ ಬಹುಪಾಲು ಡಿಕ್ಕಿ ಪರೀಕ್ಷೆಗಳಲ್ಲಿ ಮುಂದಿನ ಸೀಟು ಇವನದೇ.

ಈಗ ಕಾನೂನಿನ ಕಡೆ ಬರೋಣ. 1960ರ ದಶಕದಲ್ಲಿ ಅಮೆರಿಕದ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಜನ ಸಾಯುತ್ತಿದ್ದರು. ತಪ್ಪೆಲ್ಲ ಚಾಲಕನದು ಎಂಬುದು ಅಂದಿನ ನಂಬಿಕೆ. 1965ರಲ್ಲಿ ಬಂದ ರಾಲ್ಫ್ ನೇಡರ್ ಅವರ ಪುಸ್ತಕ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಆ ನಂಬಿಕೆಯನ್ನು ಅಲುಗಾಡಿಸಿತು. ಮರುವರ್ಷ, 1966ರ ಸೆಪ್ಟೆಂಬರ್ 9ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಮೋಟಾರು ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. ಆ ಕಾಯ್ದೆಯನ್ನು ಜಾರಿಗೊಳಿಸಲು ಹುಟ್ಟಿದ ಹೊಸ ಸಂಸ್ಥೆಯ ಮೊದಲ ಮುಖ್ಯಸ್ಥರಾಗಿ ಬಂದ ವಿಲಿಯಂ ಹ್ಯಾಡನ್ ಇಂಜಿನಿಯರ್ ಅಲ್ಲ, ವೈದ್ಯ. ಸಾಂಕ್ರಾಮಿಕ ರೋಗಗಳ ಶಾಸ್ತ್ರ ಓದಿದವರು. ಮಲೇರಿಯಕ್ಕೆ ಸೂಕ್ಷ್ಮಜೀವಿ ಇದ್ದಂತೆ ಗಾಯಕ್ಕೆ ಚಲನಶಕ್ತಿಯೇ ಕಾರಣ ಎಂದು ಅವರು ನೋಡಿದರು. ಊರಿನ ಟ್ಯಾಂಕಿನಲ್ಲೇ ನೀರು ಶುದ್ಧ ಮಾಡಿದರೆ ಕುದಿಸಿ ಕುಡಿಯಿರೆಂದು ಮನೆಮನೆಗೆ ಹೋಗಿ ಬೇಡುವ ಅಗತ್ಯ ಬೀಳುವುದಿಲ್ಲವಲ್ಲ, ಹಾಗೆ ಜನರ ಜಾಗರೂಕತೆಯನ್ನು ನೆಚ್ಚಿಕೊಳ್ಳದ ರಕ್ಷಣೆ ಕಾರಿನೊಳಗೇ ಇರಬೇಕು ಎಂಬುದು ಅವರ ನಿಲುವು.

ಬೆಲ್ಟ್ ಆಗಲೇ ಇತ್ತು. ವೋಲ್ವೊದ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಕಡೆ ಬಿಗಿಯುವ ಬೆಲ್ಟನ್ನು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಕಂಪನಿ ಬಿಟ್ಟುಕೊಟ್ಟಿತ್ತು. ಆದರೆ ಕಟ್ಟಿಕೊಳ್ಳುವವರಿರಲಿಲ್ಲ. 1980ರ ದಶಕದ ಆರಂಭದಲ್ಲೂ ಅಮೆರಿಕದಲ್ಲಿ ಬೆಲ್ಟ್ ಕಟ್ಟುತ್ತಿದ್ದವರು ನೂರಕ್ಕೆ 14 ಮಂದಿ. ಬೆಲ್ಟ್ ಕಟ್ಟದಿದ್ದರೆ ಕಾರು ಚಾಲೂ ಆಗದಂತೆ 1974ರ ಮಾದರಿಗಳಲ್ಲಿ ವ್ಯವಸ್ಥೆ ಮಾಡಿದರು. ಪಕ್ಕದ ಸೀಟಿನಲ್ಲಿ ದಿನಸಿ ಚೀಲ ಇಟ್ಟರೂ ಕಾರು ಹೊರಡುತ್ತಿರಲಿಲ್ಲ. ಜನ ಸಿಡಿದೆದ್ದರು, ಅದೇ ವರ್ಷ ಸಂಸತ್ತು ಆ ನಿಯಮವನ್ನೇ ತೆಗೆದುಹಾಕಿತು. ಉಳಿದದ್ದು ತಾನಾಗಿಯೇ ಅರಳುವ ಏರ್‌ಬ್ಯಾಗಿನ ದಾರಿ. ಹಾಗಾಗಿಯೇ ಪರೀಕ್ಷೆಯ ಗೊಂಬೆಗೆ ಬೆಲ್ಟ್ ಇರಲಿಲ್ಲ. ಬೆಲ್ಟ್ ಕಟ್ಟದ ಮಧ್ಯಮ ಗಾತ್ರದ ಗಂಡಸನ್ನು ಉಳಿಸುವುದೇ ನಿಯಮದ ಗುರಿ.

ಆ ಗುರಿಯನ್ನು ಮುಟ್ಟಲು ಮೂವತ್ತು ವರ್ಷ ಹಿಡಿಯಿತು. ಜಾನ್ ಹೆಟ್ರಿಕ್ ಎಂಬ ಇಂಜಿನಿಯರ್ ಗಾಳಿದಿಂಬಿನ ಪೇಟೆಂಟ್ ಪಡೆದದ್ದು 1953ರಲ್ಲಿ. ಒತ್ತಿ ತುಂಬಿದ ಗಾಳಿಯಿಂದ ಚೀಲ ಅರಳುವಷ್ಟರಲ್ಲಿ ಡಿಕ್ಕಿಯೇ ಮುಗಿದಿರುತ್ತಿತ್ತು. 1968ರಲ್ಲಿ ಆಲನ್ ಬ್ರೀಡ್ ಡಿಕ್ಕಿಯನ್ನು ಥಟ್ಟನೆ ಗುರುತಿಸುವ ಸಂವೇದಕ ಮಾಡಿದರು. ಸೋಡಿಯಂ ಅಜೈಡ್ ಎಂಬ ರಾಸಾಯನಿಕ ಹೊತ್ತಿಕೊಂಡು ಕ್ಷಣದಲ್ಲಿ ನೈಟ್ರೋಜನ್ ಅನಿಲವಾಗುವ ಉಪಾಯ ಸಿಕ್ಕಿತು. ಸೆಕೆಂಡಿನ ನೂರರಲ್ಲಿ ಮೂರು ಭಾಗ ಸಾಕು, ಚೀಲ ತುಂಬಲು. ತಂತ್ರಜ್ಞಾನ ಕೈಗೆಟುಕಿದ್ದರೂ ನಿಯಮ ಮಾತ್ರ ಹೊಯ್ದಾಡುತ್ತಲೇ ಇತ್ತು. 1977ರಲ್ಲಿ ಒಂದು ಸರ್ಕಾರ ಕಡ್ಡಾಯ ಮಾಡಿತು, 1981ರಲ್ಲಿ ಮುಂದಿನ ಸರ್ಕಾರ ರದ್ದು ಮಾಡಿತು. ವಿಮಾ ಕಂಪನಿಗಳು ಕೋರ್ಟಿಗೆ ಹೋದವು. 1983ರಲ್ಲಿ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಗಮನಿಸಿದಂತೆ, ಆ ಹೊತ್ತಿಗೆ ಈ ಒಂದೇ ನಿಯಮದ ಬಗ್ಗೆ ಸುಮಾರು 60 ಅಧಿಸೂಚನೆಗಳು ಹೊರಬಿದ್ದಿದ್ದವು. ನಿಯಮವನ್ನು ಬದಲಿಸುವ ಹಕ್ಕು ಸರ್ಕಾರಕ್ಕಿದೆ. ಆದರೆ ಕೈಯಲ್ಲಿರುವ ಪುರಾವೆಯನ್ನು ಎದುರಿಗಿಟ್ಟು ಯಾಕೆ ಬದಲಿಸಿದೆವು ಎಂದು ವಿವರಿಸಬೇಕು, ಸರ್ಕಾರ ಬದಲಾಯಿತು ಎಂಬುದಷ್ಟೇ ಕಾರಣವಾಗದು ಎಂಬುದು ಆ ತೀರ್ಪಿನ ಸಾರ. ವಿಜ್ಞಾನದ ರೀತಿಯನ್ನು ಕಾನೂನಿಗೂ ಅನ್ವಯಿಸಿದ ತೀರ್ಪು ಅದು. ಕೊನೆಗೆ 1991ರಲ್ಲಿ ಸಂಸತ್ತೇ ಮುಂದೆ ಬಂದು, 1998ರ ಮಾದರಿಯ ಕಾರುಗಳಿಂದ ಚಾಲಕ ಮತ್ತು ಪಕ್ಕದ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವೆಂದು ಬರೆಯಿತು.

ಅಷ್ಟರಲ್ಲಿ ರಸ್ತೆಯೇ ಬದಲಾಗಿತ್ತು. 1984ರಲ್ಲಿ ನ್ಯೂಯಾರ್ಕ್ ರಾಜ್ಯ ಬೆಲ್ಟ್ ಕಡ್ಡಾಯ ಮಾಡಿತು, ಉಳಿದ ಬಹುತೇಕ ರಾಜ್ಯಗಳೂ ಒಂದೊಂದಾಗಿ ಹಿಂಬಾಲಿಸಿದವು. ಜನ ಬೆಲ್ಟ್ ಕಟ್ಟಲು ಕಲಿತರು. ನಿಯಮದ ಗೊಂಬೆ ಮಾತ್ರ ಇನ್ನೂ ಬೆಲ್ಟ್ ಕಟ್ಟದೆ ಕೂತಿತ್ತು. 78 ಕಿಲೋ ತೂಕದ, ಬೆಲ್ಟಿಲ್ಲದ ದೇಹವನ್ನು ಹಿಡಿದು ನಿಲ್ಲಿಸಬೇಕಾದರೆ ಚೀಲ ಬಹಳ ಬಿರುಸಾಗಿ ಅರಳಬೇಕು. ಅದರ ಮುಂಭಾಗ ಗಂಟೆಗೆ 300 ಕಿಲೋಮೀಟರಿನಷ್ಟು ವೇಗದಲ್ಲಿ ಮುನ್ನುಗ್ಗುತ್ತಿತ್ತು. ಪೂರ್ತಿ ಅರಳಿದ ಮೇಲೆ ಅದಕ್ಕೆ ಒರಗಿದವರಿಗೆ ಅದು ಮೆತ್ತನೆಯ ದಿಂಬು. ಅರಳುವ ಗಳಿಗೆಯಲ್ಲಿ ಅದರ ಬಾಯಿಗೆ ಸಿಕ್ಕವರಿಗೆ ಅದು ಗುದ್ದು.

ಸಿಕ್ಕವರು ಯಾರು? ಪಕ್ಕದ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತ ಮಗು, ಡಿಕ್ಕಿಗೆ ಮುನ್ನ ಬ್ರೇಕ್ ಹಾಕಿದಾಗಲೇ ಡ್ಯಾಶ್‌ಬೋರ್ಡಿನತ್ತ ಜಾರಿರುತ್ತಿತ್ತು. ಹಿಂದಕ್ಕೆ ಮುಖ ಮಾಡಿಸಿ ಮುಂದಿನ ಸೀಟಿನಲ್ಲಿ ಕಟ್ಟಿದ ಹಸುಗೂಸಿನ ತಲೆ ಚೀಲದ ಮುಚ್ಚಳದ ಎದುರಿಗೇ ಇರುತ್ತಿತ್ತು. ಕುಳ್ಳಗಿನ ಹೆಂಗಸು ಪೆಡಲ್ ಎಟುಕಲೆಂದು ಸೀಟನ್ನು ಮುಂದೆ ಎಳೆದುಕೊಂಡು ಸ್ಟೀರಿಂಗಿಗೆ ಎದೆ ತಾಗುವಂತೆ ಕೂತಿರುತ್ತಿದ್ದಳು. ಬಂಪರ್ ತಗ್ಗುವಷ್ಟು ಸಣ್ಣ ಡಿಕ್ಕಿಗಳಲ್ಲಿ, ಯಾರಿಗೂ ಏನೂ ಆಗಬಾರದಿದ್ದ ಡಿಕ್ಕಿಗಳಲ್ಲಿ, ಇಂಥವರು ಕುತ್ತಿಗೆ ಮುರಿದು ಸತ್ತರು. ಕಾರುಗಳು ನಿಯಮ ಪಾಲಿಸಿದ್ದವು. ತಯಾರಕರು ಪರೀಕ್ಷೆಯಲ್ಲಿ ಮೋಸ ಮಾಡಿರಲಿಲ್ಲ. ಪರೀಕ್ಷೆಯೊಳಗೆ ಮಕ್ಕಳೂ ಇರಲಿಲ್ಲ, ಕುಳ್ಳಗಿನ ಹೆಂಗಸರೂ ಇರಲಿಲ್ಲ.

ಈ ಸಾವುಗಳು ಗಮನಕ್ಕೆ ಬಂದದ್ದಾದರೂ ಹೇಗೆ? ಕಥೆಯ ಈ ಭಾಗಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂದು ನನಗನಿಸುತ್ತದೆ. 1975ರಿಂದ ಅಮೆರಿಕದ ರಸ್ತೆಗಳಲ್ಲಿ ಸಾವು ಸಂಭವಿಸಿದ ಪ್ರತಿಯೊಂದು ಅಪಘಾತವೂ ಒಂದು ಕೇಂದ್ರ ದತ್ತಾಂಶಕ್ಕೆ ಸೇರುತ್ತಿದೆ. ಅದರ ಜೊತೆಗೆ ವಿಚಿತ್ರವೆನಿಸಿದ ಅಪಘಾತಗಳನ್ನು ಬಿಡಿಬಿಡಿಯಾಗಿ ಶೋಧಿಸುವ ತಂಡಗಳಿವೆ. ಸಣ್ಣ ಡಿಕ್ಕಿ, ದೊಡ್ಡ ಗಾಯ ಎಂಬ ಹೊಂದಿಕೆಯಾಗದ ಜೋಡಿ ಮತ್ತೆ ಮತ್ತೆ ಕಾಣಿಸಿಕೊಂಡಾಗ ತನಿಖೆ ನಡೆಯಿತು. 1996ರಲ್ಲಿ ಎಚ್ಚರಿಕೆಯ ಪಟ್ಟಿ ಅಂಟಿಸಲು ಆದೇಶ ಬಂತು. 1997ರಲ್ಲಿ ಚೀಲದ ಬಿರುಸು ತಗ್ಗಿಸಲು ಅವಕಾಶವಾಗುವಂತೆ ಪರೀಕ್ಷೆಯನ್ನು ಬದಲಿಸಿದರು. 2000ದ ಮೇ ತಿಂಗಳಲ್ಲಿ ನಿಯಮ ಪೂರ್ತಿ ಹೊಸದಾಯಿತು: ಮಧ್ಯಮ ಗಂಡಸಿನ ಜೊತೆಗೆ ಐದಡಿ ಎತ್ತರದ, 49 ಕಿಲೋ ತೂಕದ ಹೆಂಗಸಿನ ಗೊಂಬೆ, ಒಂದು ವರ್ಷದ ಕೂಸು, ಮೂರು ಮತ್ತು ಆರು ವರ್ಷದ ಮಕ್ಕಳ ಗೊಂಬೆಗಳು ಪರೀಕ್ಷೆಗೆ ಬಂದವು. ಸೀಟಿನಲ್ಲಿರುವುದು ಮಗುವೋ ದೊಡ್ಡವರೋ ಎಂದು ತೂಕದಿಂದ ಅರಿತು ಚೀಲವನ್ನು ತಡೆಹಿಡಿಯುವ, ಡಿಕ್ಕಿಯ ಬಿರುಸಿಗೆ ತಕ್ಕಂತೆ ಮೆಲ್ಲಗೆ ಅಥವಾ ಜೋರಾಗಿ ಅರಳಿಸುವ ವ್ಯವಸ್ಥೆಗಳು ಕಾರಿಗೆ ಬಂದದ್ದು ಈ ಗೊಂಬೆಗಳು ಕೂತ ಮೇಲೆ. ಏರ್‌ಬ್ಯಾಗ್‌ನಿಂದ ಮಕ್ಕಳು ಸಾಯುವುದು ಬಹುತೇಕ ನಿಂತೇಹೋಯಿತು.

ಇಷ್ಟಾದರೂ ಪರೀಕ್ಷೆ ಕಾಣದ ಮತ್ತೊಂದು ಮೂಲೆ ಉಳಿದಿತ್ತು. ಪರೀಕ್ಷೆಗೆ ಬರುವುದು ಹೊಸ ಕಾರು. ಹತ್ತು ವರ್ಷ ಬಿಸಿಲು ಸೆಕೆ ತಿಂದ ಕಾರಿನೊಳಗಿನ ರಾಸಾಯನಿಕ ಹೇಗಿರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಜಪಾನಿನ ತಕಾಟ ಕಂಪನಿ ಚೀಲ ಅರಳಿಸಲು ಅಮೋನಿಯಂ ನೈಟ್ರೇಟ್ ಬಳಸಿತು. ತೇವ ಮತ್ತು ತಾಪದ ಏರಿಳಿತಕ್ಕೆ ಅದರ ಬಿಲ್ಲೆಗಳು ಹದಗೆಟ್ಟು, ಉರಿಯುವ ಬದಲು ಸಿಡಿದು, ಲೋಹದ ಡಬ್ಬಿಯನ್ನೇ ಚೂರು ಮಾಡಿ ಚಾಲಕರ ಮುಖ ಕುತ್ತಿಗೆಗೆ ಎರಚಿದವು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಡಬ್ಬಿಗಳನ್ನು ವಾಪಸ್ ಕರೆಸಬೇಕಾಯಿತು. 2017ರಲ್ಲಿ ಕಂಪನಿ ದಿವಾಳಿಯಾಯಿತು. ಸೆಕೆಯ ಕರಾವಳಿ ಪ್ರದೇಶಗಳ ಕಾರುಗಳಲ್ಲೇ ಅಪಾಯ ಹೆಚ್ಚು ಎಂಬುದನ್ನು ಮಂಗಳೂರು, ಕಾರವಾರದ ಓದುಗರು ಗಮನಿಸಬೇಕು. ಹಳೆಯ ಕಾರು ಕೊಳ್ಳುವವರು ಅದರ ಚಾಸಿ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ, ಏರ್‌ಬ್ಯಾಗ್ ಬದಲಿಸಲು ಕರೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ದೇಶದ ನಿಯಮಗಳು ಈ ಇತಿಹಾಸದಿಂದ ಎಷ್ಟು ಕಲಿತಿವೆ?

1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು, ಅವುಗಳ ಕೆಳಗೆ ‘ಎಐಎಸ್’ ಎಂದು ಕರೆಯುವ ವಾಹನ ಉದ್ಯಮದ ಮಾನದಂಡಗಳು, ಪರೀಕ್ಷೆಗೆ ಪುಣೆಯ ಎಆರ್‌ಎಐಯಂಥ ಸಂಸ್ಥೆಗಳು. ಚೌಕಟ್ಟು ಚೆನ್ನಾಗಿಯೇ ಇದೆ. ಆದರೆ ಕಾರನ್ನು ಮುಂಭಾಗದಿಂದ ಗುದ್ದಿಸಿ, ಒಳಗಿನ ಗೊಂಬೆಗೆ ಏನಾಯಿತೆಂದು ನೋಡುವ ಪರೀಕ್ಷೆ ಬಹುಕಾಲ ಕಡ್ಡಾಯವಾಗಿರಲಿಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಸಿಎಪಿ ಎಂಬ ಸ್ವತಂತ್ರ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಜನಪ್ರಿಯ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿತು: ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ಐದಕ್ಕೂ ಸೊನ್ನೆ ಸ್ಟಾರ್. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದಾಗ ನಾಲ್ಕು ಸ್ಟಾರ್. ಸುರಕ್ಷಿತ ಕಾರು ಮಾಡಲು ಕಂಪನಿಗಳಿಗೆ ಗೊತ್ತಿತ್ತು. ಕಾನೂನು ಕೇಳಿರಲಿಲ್ಲ, ಅವು ಕೊಟ್ಟಿರಲಿಲ್ಲ.

ಆಮೇಲೆ ಬದಲಾವಣೆ ಬಂತು, ಅದೂ ಚುರುಕಾಗಿಯೇ. 2017ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರ್‌ನಿಂದ ಎಲ್ಲ ಕಾರುಗಳಿಗೆ ಮುಂಭಾಗದ ಮತ್ತು ಪಕ್ಕದ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು. 2019ರ ಜುಲೈಯಿಂದ ಚಾಲಕನ ಏರ್‌ಬ್ಯಾಗ್, ಬೆಲ್ಟ್ ನೆನಪಿಸುವ ಸದ್ದು, 80 ಕಿ.ಮೀ. ದಾಟಿದರೆ ಎಚ್ಚರಿಸುವ ಸದ್ದು. 2021ರಲ್ಲಿ ಪಕ್ಕದ ಸೀಟಿಗೂ ಏರ್‌ಬ್ಯಾಗ್. 2023ರ ಅಕ್ಟೋಬರ್‌ನಲ್ಲಿ ನಮ್ಮದೇ ಭಾರತ್ ಎನ್‌ಸಿಎಪಿ ಜಾರಿಗೆ ಬಂತು. ಈಗ ಶೋರೂಮಿನಲ್ಲಿ ಮೈಲೇಜಿನ ಜೊತೆಗೆ ಸ್ಟಾರ್ ಎಷ್ಟು ಎಂದೂ ಕೇಳುವವರಿದ್ದಾರೆ. ಇದು ದೊಡ್ಡ ಗೆಲುವೇ.

ಆದರೂ ಸ್ಟಾರ್ ಬೇರೆ, ಕಾನೂನು ಬೇರೆ. ಕಾನೂನಿನ ಮುಂಭಾಗದ ಪರೀಕ್ಷೆ 56 ಕಿ.ಮೀ. ವೇಗದ್ದು, ಸ್ಟಾರ್ ಪರೀಕ್ಷೆ 64 ಕಿ.ಮೀ.ದು. ಎಂಟೇ ಕಿಲೋಮೀಟರ್ ಎನಿಸಬಹುದು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಡಿಕ್ಕಿಯ ಶಕ್ತಿಯಲ್ಲಿ ಶೇ 30ರಷ್ಟು ವ್ಯತ್ಯಾಸ. ಸ್ಟಾರ್ ಪರೀಕ್ಷೆಗೆ ಕಾರು ಕಳಿಸುವುದು ಕಂಪನಿಯ ಇಚ್ಛೆ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡು 2022ರ ಜನವರಿಯಲ್ಲಿ ಬಂದು, ಒಂದು ವರ್ಷ ಮುಂದಕ್ಕೆ ಹೋಗಿ, ಕಡ್ಡಾಯವಾಗದೆಯೇ ಉಳಿಯಿತು. ಮಾರುಕಟ್ಟೆಯ ಪೈಪೋಟಿಯೇ ಆ ಕೆಲಸ ಮಾಡುತ್ತದೆ ಎಂಬ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹಣವಿದ್ದವರು ಸ್ಟಾರ್ ನೋಡಿ ಕೊಳ್ಳಬಲ್ಲರು. ಕೂಡಿಟ್ಟ ಕಾಸಿನಲ್ಲಿ ಅತಿ ಅಗ್ಗದ ಕಾರು ಕೊಳ್ಳುವ ಕುಟುಂಬಕ್ಕೆ ಸಿಗುವುದು ಕಾನೂನಿನ ಕನಿಷ್ಠ ಮಟ್ಟವೇ. ಆ ಕನಿಷ್ಠ ಮಟ್ಟ ಎಲ್ಲಿದೆ ಎಂಬುದು ಆ ಮನೆಯವರ ಜೀವದ ಪ್ರಶ್ನೆ.

ಇನ್ನು ಗೊಂಬೆಯ ವಿಷಯ. ನಮ್ಮ ಮುಂಭಾಗದ ಡಿಕ್ಕಿ ಪರೀಕ್ಷೆಯಲ್ಲಿ, ಎಐಎಸ್-098ರಲ್ಲಿ, ಮುಂದಿನ ಎರಡೂ ಸೀಟಿನಲ್ಲಿ ಕೂರುವುದು ಅದೇ ಹಳೆಯ ಹೈಬ್ರಿಡ್-3 ಗಂಡಸು. ಅವನ ಎತ್ತರ 175 ಸೆಂಟಿಮೀಟರ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಳತೆಗಳ ಪ್ರಕಾರ ಭಾರತದ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್, ಹೆಂಗಸರದ್ದು ಸುಮಾರು 152. ಅಮೆರಿಕದವರು ತಮ್ಮಲ್ಲಿ ನೂರಕ್ಕೆ ಐವರಷ್ಟೇ ಇರುವ ಅತಿ ಕುಳ್ಳಗಿನ ಹೆಂಗಸರಿಗಾಗಿ ಮಾಡಿದ ಐದಡಿಯ ಗೊಂಬೆ ಇದೆಯಲ್ಲ, ಅದು ನಮ್ಮ ಸಾಮಾನ್ಯ ಹೆಂಗಸಿನ ಎತ್ತರದ್ದು. ಅವರಲ್ಲಿ ಅಪರೂಪವಾದ ದೇಹ ನಮ್ಮ ಬೀದಿಬೀದಿಯ ಅಕ್ಕ, ತಂಗಿ, ಅಮ್ಮ. ಸೀಟನ್ನು ಮುಂದೆಳೆದುಕೊಂಡು ಸ್ಟೀರಿಂಗಿಗೆ ಹತ್ತಿರ ಕೂರುವವರು ನಮ್ಮಲ್ಲಿ ಕೆಲವರಲ್ಲ, ಬಹಳ ಮಂದಿ.

ಇದು ಬರೀ ಎತ್ತರದ ಮಾತೂ ಅಲ್ಲ. ವರ್ಜೀನಿಯ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಅಮೆರಿಕದ ಅಪಘಾತಗಳ ದತ್ತಾಂಶ ಜಾಲಾಡಿದಾಗ, ಬೆಲ್ಟ್ ಕಟ್ಟಿಕೊಂಡ ಚಾಲಕರಲ್ಲಿ ಹೆಂಗಸರಿಗೆ ತೀವ್ರ ಗಾಯದ ಸಾಧ್ಯತೆ ಗಂಡಸರಿಗಿಂತ ಶೇ 47ರಷ್ಟು ಹೆಚ್ಚೆಂದು ಕಂಡಿತು. ಸೊಂಟದ ರಚನೆ ಬೇರೆ, ಕುತ್ತಿಗೆಯ ಸ್ನಾಯುಗಳ ಬಲ ಬೇರೆ, ಕೂರುವ ಭಂಗಿ ಬೇರೆ. ಐದಡಿಯ ಗೊಂಬೆಯೂ ಹೆಚ್ಚುಕಮ್ಮಿ ಗಂಡಸಿನ ಗೊಂಬೆಯನ್ನೇ ಕುಗ್ಗಿಸಿ ಮಾಡಿದ್ದು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಮತ್ತು ಸಂಗಡಿಗರು ಹೆಣ್ಣಿನ ದೇಹರಚನೆಯನ್ನೇ ಆಧಾರವಾಗಿಟ್ಟು 162 ಸೆಂಟಿಮೀಟರ್ ಎತ್ತರದ, 62 ಕಿಲೋ ತೂಕದ ಗೊಂಬೆಯನ್ನು ತಯಾರಿಸಿ 2022ರಲ್ಲಿ ಜಗತ್ತಿನ ಮುಂದಿಟ್ಟರು. ಮೊದಲ ಗೊಂಬೆ ತಯಾರಾದದ್ದು 1949ರಲ್ಲಿ. ಏಳು ದಶಕ ಹಿಡಿಯಿತು. ನಮ್ಮ ಅಳತೆಯ ಗೊಂಬೆ ಮಾಡಲು ನಮಗೂ ಅಷ್ಟು ಕಾಲ ಬೇಕಿಲ್ಲ. ಹಿಡಿದ ಪಟ್ಟು ಬಿಡದೆ ಕೂತರೆ ನಮ್ಮ ಐಐಟಿಗಳೂ ಪರೀಕ್ಷಾ ಕೇಂದ್ರಗಳೂ ಮಾಡಬಲ್ಲ ಕೆಲಸ ಇದು.

ಹಾಗೆ ನೋಡಿದರೆ ಕಾರಿನೊಳಗಿನ ಗೊಂಬೆಯನ್ನು ಸರಿಪಡಿಸಿದ ಮಾತ್ರಕ್ಕೆ ನಮ್ಮ ರಸ್ತೆಯ ಸಾವು ನಿಲ್ಲುವುದಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕದಲ್ಲೇ 11 ಸಾವಿರಕ್ಕೂ ಹೆಚ್ಚು. ದೇಶದ ಲೆಕ್ಕದಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು, 19 ಮಂದಿ ನಡೆದು ಹೋಗುತ್ತಿದ್ದವರು. ಇವರ ಸುತ್ತ ಉಕ್ಕಿನ ಗೂಡಿಲ್ಲ, ಏರ್‌ಬ್ಯಾಗ್ ಇಲ್ಲ. ಇವರ ಮಟ್ಟಿಗೆ ನಿಯಮ ಮೂರು ಕಡೆಯಿಂದ ಕೆಲಸ ಮಾಡಬಲ್ಲದು: ಗಾಡಿ ಉರುಳದಂತೆ, ತಲೆ ಒಡೆಯದಂತೆ, ಗುದ್ದುವ ಕಾರು ಮೆತ್ತಗಿರುವಂತೆ.

ಬೈಕಿನ ಮುಂದಿನ ಚಕ್ರ ಬ್ರೇಕಿಗೆ ಸಿಕ್ಕು ತಿರುಗುವುದನ್ನು ನಿಲ್ಲಿಸಿದರೆ ಟೈರು ಜಾರುತ್ತದೆ, ಗಾಡಿ ಮಗುಚುತ್ತದೆ. ಚಕ್ರ ನಿಲ್ಲುವ ಅಂಚಿಗೆ ಬಂದಾಗಲೆಲ್ಲ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಸಡಿಲಿಸಿ ಬಿಗಿ ಮಾಡುವ ವ್ಯವಸ್ಥೆಯೇ ಎಬಿಎಸ್. 2018–19ರಿಂದ ಇದು 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಕಡ್ಡಾಯ. ನಮ್ಮ ಊರುಗಳಲ್ಲಿ ಓಡುವ ಗಾಡಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಸಣ್ಣವು. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವ ಸ್ಕೂಟರುಗಳು, ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ 100 ಸಿಸಿ ಬೈಕುಗಳು. ಅವಕ್ಕೂ ಎಬಿಎಸ್ ತರುವ, ಗಾಡಿಯ ಜೊತೆ ಎರಡು ಹೆಲ್ಮೆಟ್ ಕೊಡುವ ಕರಡು ನಿಯಮವನ್ನು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಬೆಲೆ ಏರುತ್ತದೆ ಎಂಬ ಆಕ್ಷೇಪ ನಿಜ. ಆದರೆ ದುಡಿಯುವವನೇ ಹೋದ ಮನೆಯ ಖರ್ಚನ್ನು ಆ ಲೆಕ್ಕದಲ್ಲಿ ಸೇರಿಸಿದವರನ್ನು ನಾನು ಕಂಡಿಲ್ಲ.

ಹೆಲ್ಮೆಟ್ಟಿನ ವಿಷಯ ಬೆಂಗಳೂರಿಗೆ ಚೆನ್ನಾಗಿ ಗೊತ್ತು. ನಿಮ್ಹಾನ್ಸ್‌ನ ಸಂಶೋಧಕರು ಆಸ್ಪತ್ರೆ ಮತ್ತು ಪೊಲೀಸ್ ದಾಖಲೆಗಳನ್ನು ಜೋಡಿಸಿ ತಲೆಗಾಯಗಳ ಲೆಕ್ಕವನ್ನು ವರ್ಷಗಟ್ಟಲೆ ಮುಂದಿಟ್ಟಿದ್ದಾರೆ. 2016ರ ಜನವರಿಯಲ್ಲಿ ಕರ್ನಾಟಕ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ, 40 ಕಿ.ಮೀ. ವೇಗಮಿತಿ ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಇದೆ. ಅದನ್ನು ಪಾಲಿಸುವ ಸ್ಕೂಟರುಗಳು ನಮ್ಮ ಶಾಲೆಗಳ ಗೇಟಿನ ಮುಂದೆ ಎಷ್ಟು ಕಾಣುತ್ತವೆ ಎಂದು ಓದುಗರೇ ನೋಡಬಹುದು.

ನಡೆಯುವವರಿಗಾಗಿ ಇರುವ ಪರೀಕ್ಷೆಯ ಸುದ್ದಿ ಬಹಳ ಜನರಿಗೆ ತಿಳಿದಿಲ್ಲ. ಎಐಎಸ್-100 ಎಂಬ ಮಾನದಂಡದ ಪ್ರಕಾರ ತಲೆಯಾಕಾರದ, ಕಾಲಿನಾಕಾರದ ತುಂಡುಗಳನ್ನು ಕಾರಿನ ಬಾನೆಟ್ ಮತ್ತು ಬಂಪರಿಗೆ ಹೊಡೆದು ಏಟು ಎಷ್ಟೆಂದು ಅಳೆಯುತ್ತಾರೆ. 2018ರ ಅಕ್ಟೋಬರ್‌ನಿಂದ ಹೊಸ ಮಾದರಿಗಳಿಗೆ, ಎರಡು ವರ್ಷದ ನಂತರ ಎಲ್ಲ ಕಾರುಗಳಿಗೆ ಇದು ಅನ್ವಯ. ಬಾನೆಟ್ ತಗ್ಗಲು ಅದರ ಕೆಳಗೆ, ಇಂಜಿನ್ನಿನ ಮೇಲೆ, ಕೆಲವು ಸೆಂಟಿಮೀಟರ್ ಖಾಲಿ ಜಾಗ ಬಿಟ್ಟರೂ ಬುರುಡೆ ಉಳಿಯಬಹುದು. ಈ ಪರೀಕ್ಷೆಯನ್ನು ಪಾಸು ಮಾಡಿದ ಕಾರಿಗೆ ಆಮೇಲೆ ಉಕ್ಕಿನ ಬುಲ್ ಬಾರ್ ಬಿಗಿಸಿದರೆ ಅಷ್ಟೂ ವಿಜ್ಞಾನವನ್ನು ಅಳಿಸಿಹಾಕಿದಂತೆ. ಆ ಕಂಬಿಯನ್ನು ನಮ್ಮ ಸರ್ಕಾರ 2017ರಲ್ಲೇ ನಿಷೇಧಿಸಿದ್ದಕ್ಕೆ ಕಾರಣ ಇದು.

ಮುಂದಿನ ತಿದ್ದುಪಡಿಗಳು ಬಾಗಿಲಲ್ಲಿವೆ. ಎದುರಿಗೆ ಅಡ್ಡ ಬಂದದ್ದನ್ನು ಕಂಡು ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ. ಅಮೆರಿಕದಲ್ಲಿ 2029ರ ಸೆಪ್ಟೆಂಬರ್‌ಗೆ ಎಂದು ನಿಯಮವಾಗಿದೆ. ಅಲ್ಲಿಯ ಪರೀಕ್ಷೆಗಳನ್ನು ಇದ್ದಂತೆಯೇ ತಂದುಕೊಂಡರೆ ಏರ್‌ಬ್ಯಾಗ್‌ನ ಪಾಠ ಮತ್ತೊಮ್ಮೆ ಕಲಿಯಬೇಕಾದೀತು. ಆ ಕ್ಯಾಮೆರಾ ಗುರುತಿಸಬೇಕಾದದ್ದು ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರನ್ನು, ಕಬ್ಬು ತುಂಬಿದ ಎತ್ತಿನ ಗಾಡಿಯನ್ನು, ಎದುರು ದಿಕ್ಕಿನಿಂದ ಬರುವ ಆಟೋವನ್ನು, ಹೆದ್ದಾರಿಯ ಮಧ್ಯೆ ಮಲಗಿದ ದನವನ್ನು, ಸಂಜೆಗತ್ತಲಲ್ಲಿ ಸೀರೆ ಸೆರಗು ಹೊದ್ದು ರಸ್ತೆ ದಾಟುವ ಹೆಂಗಸನ್ನು. ಪರೀಕ್ಷೆಯ ಅಂಗಳಕ್ಕೆ ಇವೆಲ್ಲ ಬರಬೇಕು. ಅದಕ್ಕೆ ನಮ್ಮ ಅಪಘಾತಗಳ ವಿವರವಾದ ದತ್ತಾಂಶ ಬೇಕು. ಐಐಟಿ ಮದ್ರಾಸ್ ಮತ್ತು ಎನ್‌ಐಸಿ ಸೇರಿ ರೂಪಿಸಿದ ‘ಐರಾಡ್’ ವ್ಯವಸ್ಥೆಯಲ್ಲಿ ಪೊಲೀಸರು ಈಗ ಸ್ಥಳದಿಂದಲೇ ಮೊಬೈಲಿನಲ್ಲಿ ವಿವರ ದಾಖಲಿಸುತ್ತಿದ್ದಾರೆ. ಯಾವ ಸೀಟಿನಲ್ಲಿ ಕೂತವರಿಗೆ, ಯಾವ ಅಳತೆಯ ದೇಹಕ್ಕೆ, ಯಾವ ಗಾಯವಾಯಿತು ಎಂಬ ವೈದ್ಯರ ದಾಖಲೆಯನ್ನೂ ಅದಕ್ಕೆ ಎಚ್ಚರಿಕೆಯಿಂದ ಜೋಡಿಸಿ, ಹೆಸರು ತೆಗೆದು, ಸಂಶೋಧಕರ ಕೈಗೆ ಕೊಟ್ಟರೆ ಮಾತ್ರ ಮುಂದಿನ ನಿಯಮ ನಮ್ಮ ರಸ್ತೆಯಿಂದ ಹುಟ್ಟುತ್ತದೆ.

ಓದುಗರು ಇಂದೇ ಮಾಡಬಹುದಾದದ್ದೂ ಇದೆ. ಸ್ಟೀರಿಂಗಿನ ನಡುವಿಗೂ ನಿಮ್ಮ ಎದೆಯ ಮೂಳೆಗೂ 25 ಸೆಂಟಿಮೀಟರ್ ಅಂತರ ಇರುವಂತೆ ಸೀಟು ಹೊಂದಿಸಿಕೊಳ್ಳಿ. ಪೆಡಲ್ ಎಟುಕದಿದ್ದರೆ ಸೀಟನ್ನು ಪೆಡಲ್ ಎಟುಕುವಷ್ಟೇ ಮುಂದಿಟ್ಟು, ಬೆನ್ನಿನ ಭಾಗವನ್ನು ತುಸು ಹಿಂದಕ್ಕೆ ಒರಗಿಸಿ. ಮಕ್ಕಳನ್ನು ಹಿಂದಿನ ಸೀಟಿನಲ್ಲೇ, ಅವರ ಅಳತೆಯ ಸೀಟಿನಲ್ಲಿ ಕಟ್ಟಿ ಕೂರಿಸಿ. ಹಿಂದೆ ಕೂತವರೂ ಬೆಲ್ಟ್ ಕಟ್ಟಬೇಕೆಂಬುದು ನಮ್ಮ ನಿಯಮದಲ್ಲಿ ಎಂದೋ ಇದೆ. ಮತ್ತೊಂದು ಮಾತು: ವಾಹನ ನಿಯಮಗಳ ಪ್ರತಿಯೊಂದು ಕರಡನ್ನೂ ರಾಜ್ಯಪತ್ರದಲ್ಲಿ ಪ್ರಕಟಿಸಿ, ಸಾಮಾನ್ಯವಾಗಿ 30 ದಿನದೊಳಗೆ ಸಾರ್ವಜನಿಕರ ಆಕ್ಷೇಪ ಸಲಹೆಗಳನ್ನು ಕೇಳುತ್ತಾರೆ, ಕಳಿಸಬೇಕಾದ ವಿಳಾಸ ಅದರಲ್ಲೇ ಇರುತ್ತದೆ. ಕಂಪನಿಗಳು ತಪ್ಪದೆ ಬರೆಯುತ್ತವೆ. ಮುಂದಿನ ಕರಡು ಬಂದಾಗ ನೀವೂ ಬರೆಯಿರಿ, ಈ ಪರೀಕ್ಷೆಯಲ್ಲಿ ಕೂತಿರುವ ಗೊಂಬೆ ಯಾರ ಅಳತೆಯದೆಂದು ಕೇಳಿ.